ಹಾರ್ವರ್ಡ್‌ನ 1725ರಿಂದೀಚೆಯ ಅಧ್ಯಾಪಕರ ನಡಾವಳಿ: ಇಸವಿ ಹೊಂದುತ್ತಿಲ್ಲ, ನೇಮಕದ ಠರಾವು ಸಿಗುತ್ತಿಲ್ಲ

ಮಾಳಮಡ್ಡಿ_ಓದುಗ:
ಹಳೆಯ ಅಮೆರಿಕನ್ ಕಾಲೇಜಿನಲ್ಲಿ ಅಧ್ಯಾಪಕರಿಗೆ ಎಷ್ಟು ಅಧಿಕಾರವಿತ್ತು ಎಂದು ನೋಡಲು ಧಾರವಾಡದಲ್ಲೇ ಕೂತು ಹಾರ್ವರ್ಡ್ ಅಧ್ಯಾಪಕರ ನಡಾವಳಿಯ ಸ್ಕ್ಯಾನ್ ಪ್ರತಿ ಓದುತ್ತಿದ್ದೇನೆ. ಡಿಸೆಂಬರ್ ಮುಗಿದು ಜನವರಿ ಬಂದರೂ ಇಸವಿ ಹಿಂದಿನದೇ ಇದೆ. ನೇಮಕ, ಸಂಬಳದ ಠರಾವು ಕಾಣುತ್ತಿಲ್ಲ. ಪುಟ ಕಳೆದಿವೆಯೇ?

ಗದಗ_ದಫ್ತರ:
ಪುಟ ಕಳದಿಲ್ಲರಿ. ಆಗ ಇಂಗ್ಲಿಷರ ವಸಾಹತಿನಾಗ ಹೊಸ ವರ್ಷ ಮಾರ್ಚ್ 25ಕ್ಕ ಚಾಲೂ ಆಗ್ತಿತ್ತು. ಜನವರಿ 1ರಿಂದ ಮಾರ್ಚ್ 24ರ ತನಕದ ಸಭೆಗೆ ಒಂದು ವರ್ಷ ಕೂಡಸ್ರಿ. 1730 ಅಂತ ಬರದ ಫೆಬ್ರುವರಿ ನಮ್ಮ ಲೆಕ್ಕಕ್ಕ 1731. ಎರಡೂ ಇಸವಿ ಬರದಿದ್ರ ದೊಡ್ಡದು ಹಿಡೀರಿ, ಮತ್ತೊಂದು ಕೂಡಸಬ್ಯಾಡ್ರಿ. ಭಾಳ ಮಂದಿ ತಪ್ಪೋದು ಅಲ್ಲೇ. ಹಿಂದಿನ, ಮುಂದಿನ ನಮೂದು ನೋಡಿ ಖಾತ್ರಿ ಮಾಡ್ಕೊಳ್ರಿ. ತಾರೀಖು ಮಾತ್ರ ಇದ್ದಂಗ ಇಡ್ರಿ. ತಿದ್ದಿದ ಇಸವಿಗೆ ಬ್ಯಾರೆ ಕಾಲಂ ಹಾಕ್ರಿ. 1752 ಜನವರಿ 1ಕ್ಕೇ ಚಾಲೂ ಆತು, ಅಲ್ಲಿಂದ ಮುಂದ ಇಸವಿಯ ಈ ತಾಪತ್ರಯ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನ 14 ಆತು.

ಹಾವೇರಿ_ಹಸ್ತಪ್ರತಿ:
ನೇಮಕಕ್ಕೆ ಬೇರೆ ಬುಕ್ಕೇ ನೋಡಬೇಕು. 1650ರ ಸನದಿನಂತೆ ಅಧ್ಯಕ್ಷ, ಐವರು ಫೆಲೋಗಳು (ಸದಸ್ಯರು), ಖಜಾಂಚಿ ಸೇರಿ 7 ಜನರ ಕಾರ್ಪೊರೇಷನ್ ಎಂಬ ಆಡಳಿತ ಮಂಡಳಿ. ಆಸ್ತಿ, ನೇಮಕ ಅವರ ಕೈಯಲ್ಲಿ. ಅವರ ಮೇಲೆ ಓವರ್‌ಸೀಯರ್ಸ್ ಎಂಬ ಮೇಲ್ವಿಚಾರಣಾ ಮಂಡಳಿ. ನಮ್ಮಲ್ಲಿ ಸಿಂಡಿಕೇಟ್ ನಡಾವಳಿ ಬೇರೆ, ಅಕಾಡೆಮಿಕ್ ಕೌನ್ಸಿಲ್‌ದು ಬೇರೆ ಇರುವ ಹಾಗೆ. ನೀವು ಓದುತ್ತಿರುವುದು ಅಧ್ಯಕ್ಷ, ಪ್ರೊಫೆಸರ್, ಟ್ಯೂಟರ್‌ (ಪಾಠ ಹೇಳುವ ಅಧ್ಯಾಪಕರು)ಗಳ ಸಭೆಯದು; ಅಲ್ಲಿ ಹೆಚ್ಚಾಗಿ ಶಿಸ್ತಿನದೇ ಮಾತು: ದಂಡ, ಬಹಿರಂಗ ಛೀಮಾರಿ, ದರ್ಜೆ ಇಳಿಕೆ, ಉಚ್ಚಾಟನೆ.

ದರ್ಜೆ ಇಳಿಕೆಯನ್ನು ಹಗುರವಾಗಿ ಓದಬೇಡಿ. 1772ರಲ್ಲಿ ಪದವಿ ಪಡೆದ ತಂಡದವರೆಗೆ ತರಗತಿ ಪಟ್ಟಿ ಅಕಾರಾದಿಯಲ್ಲಿ ಇರಲಿಲ್ಲ, ಮನೆತನದ ಅಂತಸ್ತಿನ ಪ್ರಕಾರ ಇತ್ತು. ಹೆಸರು ಕೆಳಗಿಳಿದರೆ ಪ್ರಾರ್ಥನಾ ಮಂದಿರದಲ್ಲಿ ಕೂರುವ ಜಾಗವೂ ಇಳಿಯುತ್ತಿತ್ತು. ತಪ್ಪೊಪ್ಪಿಗೆಯ ನಂತರ ಸ್ಥಾನ ಮರಳಿ ಕೊಟ್ಟ ಠರಾವು ಎಷ್ಟೋ ಪುಟ ಮುಂದೆ ಇರಬಹುದು; ವಿದ್ಯಾರ್ಥಿಯ ಹೆಸರಿನಿಂದ ಸೂಚಿ ಮಾಡಿದರೇ ಅದು ಕೈಗೆ ಸಿಗುವುದು.

ಇನ್ನೊಂದು, ಒಬ್ಬರೇ ಎರಡೂ ಕಡೆ ಕೂರುತ್ತಿದ್ದರು. ಹೆನ್ರಿ ಫ್ಲಿಂಟ್ 1699ರಿಂದ 1754ರವರೆಗೆ ಟ್ಯೂಟರ್, ಜತೆಗೆ ಕಾರ್ಪೊರೇಷನ್ ಫೆಲೋ. ಹೆಸರು ನೋಡಿ ಯಾವ ಸಭೆ ಎಂದು ತೀರ್ಮಾನಿಸಬೇಡಿ, ನಡಾವಳಿಯ ತಲೆಬರಹ ನೋಡಿ.

ಮಾಳಮಡ್ಡಿ_ಓದುಗ:
ಇಬ್ಬರಿಗೂ ಧನ್ಯವಾದ. 1749ರ ಮತ್ತು 1751ರ ದಂಡದ ಮೊತ್ತವನ್ನು ನೇರವಾಗಿ ಹೋಲಿಸಬಹುದೇ?

ಗದಗ_ದಫ್ತರ:
ಬರೂದಿಲ್ಲರಿ. 1750ರಾಗ ಮ್ಯಾಸಚೂಸೆಟ್ಸ್ ಕಾಗದದ ಹಣ ಬಿಟ್ಟು ಬೆಳ್ಳಿಗೆ ಬಂತು. ಒಂದು ಸ್ಪ್ಯಾನಿಷ್ ಡಾಲರಿಗೆ ಹಳೇ ಹಣದಾಗ 45 ಶಿಲ್ಲಿಂಗ್, ಹೊಸದರಾಗ 6. ಮೊತ್ತ ಹಳೇ ಹಣದಾಗ ಇದ್ರ 7.5ರಿಂದ ಭಾಗಸ್ರಿ. 1725ರ ಮೊತ್ತಕ್ಕ ಈ ಲೆಕ್ಕ ಹಚ್ಚಬ್ಯಾಡ್ರಿ, ನಡುವ ಕಾಗದದ ಬೆಲೆ ಇಳಕೋತ ಹೋಗಿತ್ತು.