ಸಮಾಜವಾದದ ನಂತರದ ಕಲೆಯಲ್ಲಿ ಫಿಲ್ಮ್ ಕ್ಯಾಮೆರಾ: ಹಂಬಲವೋ, ವಾದವೋ?

ಪ್ರಶ್ನೆ
ಪೂರ್ವ ಯುರೋಪಿನ ಹಲವು ಕಲಾವಿದರು ಡಿಜಿಟಲ್ ಸಾಧನಗಳು ಕೈಗೆಟುಕಿದ ಮೇಲೂ ಫಿಲ್ಮ್ ರೀಲು, ಹಳೆಯ ಕ್ಯಾಮೆರಾ, ಟಿವಿ ತುಣುಕುಗಳನ್ನೇ ಆರಿಸಿಕೊಳ್ಳುತ್ತಾರೆ. ಇದು ಕೇವಲ ಗತಕಾಲದ ಹಂಬಲವೇ? ಬಲ್ಲವರು ಉದಾಹರಣೆ ಸಹಿತ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ಹಂಬಲವೆಂದರೆ ಅನ್ಯಾಯವಾದೀತು. ಉಕ್ರೇನಿನ ಹಾರ್ಕಿವ್‌ನಲ್ಲಿ 1938ರಲ್ಲಿ ಜನಿಸಿದ ಬೋರಿಸ್ ಮಿಖೈಲೋವ್ ಅವರು, ಸೋವಿಯತ್ ಒಕ್ಕೂಟ ಒಡೆದ 1991ರಲ್ಲಿ, ಲೆನ್ಸ್ ತಿರುಗುತ್ತ ಅಗಲ ದೃಶ್ಯವನ್ನು ಸೆರೆಹಿಡಿಯುವ 'ಹಾರಿಜಾನ್' ಎಂಬ ಸೋವಿಯತ್ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಬೀದಿಯ ಬದುಕನ್ನು ಚಿತ್ರಿಸಿ, ಮುದ್ರಿತ ಪ್ರತಿಗಳಿಗೆ ಕಂದು ಛಾಯೆ ನೀಡಿದರು. 1993ರ ಸರಣಿಗೆ ನೀಲಿ ಛಾಯೆ ಕೊಟ್ಟರು. ಕಂದು ಛಾಯೆಯಿಂದಾಗಿ ಅಂದಿನ ಬಡತನವು ಇಪ್ಪತ್ತನೇ ಶತಮಾನದ ಆರಂಭದ ಚಿತ್ರದಂತೆ ಕಾಣುತ್ತದೆ. ಪ್ರಗತಿಯ ಭರವಸೆ ಕೊಟ್ಟ ವ್ಯವಸ್ಥೆ ಜನರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬ ಪ್ರಶ್ನೆ ಆ ರಾಸಾಯನಿಕ ಬಣ್ಣದಲ್ಲಿಯೇ ಅಡಗಿದೆ. ಆ ಚಿತ್ರಗಳು ನನ್ನನ್ನು ಇಂದಿಗೂ ಕಲಕುತ್ತವೆ.

ಉತ್ತರ 2
ಮೇಲಿನವರ ಮಾತಿಗೆ ಸಹಮತವಿದೆ. ಲಿಥುವೇನಿಯಾದ ದೈಮಾಂತಾಸ್ ನಾರ್ಕೆವಿಚಿಯಸ್ ಅವರನ್ನೂ ಗಮನಿಸಬೇಕು. ವಿಲ್ನಿಯಸ್‌ನಲ್ಲಿ 1991ರಲ್ಲಿ ಲೆನಿನ್ ಪ್ರತಿಮೆಯನ್ನು ತೆಗೆದುಹಾಕಿದ ವಿಡಿಯೊ ದೃಶ್ಯಗಳನ್ನು ಅವರು 2004ರಲ್ಲಿ ಹಿಮ್ಮುಖವಾಗಿ ಜೋಡಿಸಿದ್ದರಿಂದ, ಜನಸಮೂಹ ಪ್ರತಿಮೆಯ ಸ್ಥಾಪನೆಗೇ ಹರ್ಷಿಸಿದಂತೆ ತೋರುತ್ತದೆ. ಸುದ್ದಿಚಿತ್ರದ ಹಳೆಯ ಮಸುಕು ಇಲ್ಲದಿದ್ದರೆ ನಾವು ಅದನ್ನು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ.

ಉತ್ತರ 3
ಒಂದು ಎಚ್ಚರಿಕೆ. ಲೆನಿನ್‌ಗ್ರಾಡ್‌ನಲ್ಲಿ ತಯಾರಾದ ಲೋಮೊ ಕ್ಯಾಮೆರಾ 1990ರ ದಶಕದಲ್ಲಿ ವಿಯೆನ್ನಾದ ಯುವಕರ ಮೂಲಕ ಜಾಗತಿಕ ಫ್ಯಾಷನ್ ಆಯಿತು. ಅಲ್ಲಿ ಸಾಧನವು ತನ್ನ ಇತಿಹಾಸವನ್ನು ಕಳಚಿಕೊಂಡು ಮಾರಾಟವಾಯಿತು. ಮಿಖೈಲೋವ್ ಅವರ ಕೃತಿಗಳನ್ನು ಅದರೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು.