ಅಪ್‌ಡೇಟ್: ಹಳೆಯ ಮಲ್ಟಿಮೀಟರ್ ಕೊನೆಗೂ ಉತ್ತರಿಸಿತು
ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಒಂದೇ ಜಿಪಿಐಬಿ ಬಸ್ಸಿಗೆ (ಕಂಪ್ಯೂಟರಿನಿಂದ ಹಲವು ಉಪಕರಣಗಳನ್ನು ನಡೆಸುವ ಹಂಚಿಕೆಯ ಕೇಬಲ್ ಸಂಪರ್ಕಕ್ಕೆ) ಜೋಡಿಸಿದ ಮೂರು ಉಪಕರಣಗಳಲ್ಲಿ ಹಳೆಯ ಮಲ್ಟಿಮೀಟರ್ ಮಾತ್ರ ಪ್ರತ್ಯೇಕವಾಗಿ ಸಿಗುತ್ತಿಲ್ಲ, ಅದನ್ನು ಆನ್ ಮಾಡಿದರೆ ಹೊಸ ಮೀಟರಿನ ಅಂಕಿಗಳೂ ಕಲಸಿಹೋಗುತ್ತವೆ ಎಂದು ಕಳೆದ ವಾರ ಕೇಳಿದ್ದೆ. ಎರಡರ ವಿಳಾಸವೂ (ಬಸ್ಸಿನಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆ) ಒಂದೇ ಇರಬಹುದೆಂಬ ನಿಮ್ಮ ಊಹೆ ನಿಜವಾಯಿತು.

ಧಾರವಾಡದ ಸಹೋದ್ಯೋಗಿಯೊಬ್ಬರು ಟಾರ್ಚ್ ಹಿಡಿದರು; ಹಿಂಬದಿಯ ಧೂಳು ಒರೆಸಿ ನೋಡಿದಾಗ ವಿಳಾಸ ಹೊಂದಿಸುವ ಐದು ಪುಟ್ಟ ಸ್ವಿಚ್‌ಗಳಲ್ಲಿ (ಬೆಲೆ 16, 8, 4, 2, 1; ಮೇಲಿರುವವುಗಳ ಮೊತ್ತವೇ ವಿಳಾಸ) 16, 4 ಮತ್ತು 2ರವು ಮೇಲಿದ್ದವು, ಅಂದರೆ ವಿಳಾಸ 22; ಹೊಸ ಮೀಟರಿನದೂ ಅದೇ. 8 ಮತ್ತು 1ನ್ನು ಮಾತ್ರ ಮೇಲಿಟ್ಟು 9 ಮಾಡಿದರೂ ಏನೂ ಬದಲಾಗಲಿಲ್ಲ. ಈ ಮೀಟರ್ ಸ್ವಿಚ್‌ಗಳನ್ನು ಓದುವುದು ವಿದ್ಯುತ್ ಕೊಟ್ಟ ಕ್ಷಣದಲ್ಲಿ ಮಾತ್ರ ಎಂಬುದು ನನಗೆ ಹೊಳೆಯಲು ಅರ್ಧ ದಿನ ಹಿಡಿಯಿತು. ಆರಿಸಿ ಮತ್ತೆ ಹಚ್ಚಿದೊಡನೆ ಉತ್ತರ ಬಂತು. ವಿಳಾಸ 0 ಸಾಮಾನ್ಯವಾಗಿ ಬಸ್ಸನ್ನು ನಡೆಸುವ ನಿಯಂತ್ರಕದ್ದಾದ್ದರಿಂದ ಅದನ್ನು ಮುಟ್ಟಲಿಲ್ಲ.

ಮೀಟರ್ ಕಂಪ್ಯೂಟರಿನ ಹಿಡಿತದಲ್ಲಿದೆ ಎಂದು ತೋರಿಸುವ ರಿಮೋಟ್ ದೀಪ ಹೊತ್ತಿದಾಗ ಮುಂಬದಿಯ ಗುಂಡಿಗಳು ಕೆಲಸ ಮಾಡದೆ ವಿದ್ಯಾರ್ಥಿಗಳು ಗಾಬರಿಯಾಗುತ್ತಿದ್ದರು. ನಮ್ಮ ಪ್ರೋಗ್ರಾಮಿನಿಂದ ಲೋಕಲ್ ಗುಂಡಿಯನ್ನೂ ತಡೆಯುವ ಲೋಕಲ್ ಲಾಕೌಟ್ ಆದೇಶವನ್ನು ತೆಗೆದ ಮೇಲೆ, ಹಿಡಿತವನ್ನು ಮುಂಬದಿಯ ಗುಂಡಿಗಳಿಗೆ ಮರಳಿಸಲು ಆ ಲೋಕಲ್ ಗುಂಡಿ ಒತ್ತಿದರೆ ಸಾಕಾಗುತ್ತದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.