ಎಫ್‌ಗೆಟ್ಸ್ ಪರೀಕ್ಷೆ: ಸಾಲು ತುಂಡಾಗುತ್ತದೆ, ಕೊನೆಯದು ಎರಡು ಸಲ ಬರುತ್ತದೆ

ಪಯಸ್ವಿನಿ:
ಸಿ ಭಾಷೆಯ ಫೈಲ್ ಓದುವ ಫಂಕ್ಷನ್‌ಗಳ ಪರೀಕ್ಷೆಗೆ ನಮ್ಮ ಕಾಸರಗೋಡಿನ ಊರುಗಳ ಹೆಸರನ್ನೇ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಫೈಲ್‌ಗೆ ಹಾಕಿದ್ದೇನೆ. ಮಂಜೇಶ್ವರ, ಉಪ್ಪಳ, ಕಾಸರಗೋಡು, ಸಾಲಿಗೊಂದು. ಓದಿದ್ದನ್ನು ಇಡುವ ಜಾಗ, ಅಂದರೆ ಬಫರ್, 16 ಬೈಟ್. ಎಫ್‌ಇಒಎಫ್ (ಫೈಲ್ ಮುಗಿಯಿತೇ ಎಂದು ಹೇಳುವ ಫಂಕ್ಷನ್) ಸೊನ್ನೆ ಕೊಡುತ್ತಿರುವಷ್ಟು ಕಾಲ, ಸಾಲು ಓದುವ ಎಫ್‌ಗೆಟ್ಸ್ ಕರೆದು, ಓದಿದ್ದಕ್ಕೆಲ್ಲ ಸಂಖ್ಯೆ ಹಾಕಿ ಮುದ್ರಿಸುತ್ತೇನೆ. ‘ಮಂಜೇಶ’ ಒಂದು ಸಂಖ್ಯೆಗೆ, ‘್ವರ’ ಮುಂದಿನದಕ್ಕೆ ಹೋಗುತ್ತದೆ. ಉಪ್ಪಳ ಆದಮೇಲಿನ ಸಂಖ್ಯೆಯ ಮುಂದೆ ಏನೂ ಇಲ್ಲ. ‘ೋಡು’ ಎರಡು ಸಲ ಬರುತ್ತದೆ. ಬಫರ್ 20 ಮಾಡಿದರೆ ಮಂಜೇಶ್ವರದಲ್ಲಿ ಕಸ ಕಾಣುತ್ತದೆ. ಇದು ಸಿ ಲೈಬ್ರರಿಯ ತಪ್ಪೇ?

ಚಂದ್ರಗಿರಿ:
ಲೈಬ್ರರಿ ಸರಿಯಾಗಿಯೇ ಇದೆ. ಎಫ್‌ಗೆಟ್ಸ್ ಎಣಿಸುವುದು ಬೈಟ್, ಅಕ್ಷರವಲ್ಲ. 16 ಕೊಟ್ಟರೆ ಓದುವುದು 15, ಉಳಿದ ಒಂದು, ಪಠ್ಯ ಮುಗಿದದ್ದನ್ನು ತೋರಿಸುವ ಕೊನೆಯ ಸೊನ್ನೆಗೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯುನಿಕೋಡ್ ಸಂಖ್ಯೆ ಇರುವ ಒಂದೊಂದು ಅಕ್ಷರ ಅಥವಾ ಚಿಹ್ನೆ) 3 ಬೈಟ್, ಹಲಂತವೂ ಸೇರಿ. ಮಂಜೇಶ್ವರ 24 ಬೈಟ್. ಉಪ್ಪಳ ಸರಿಯಾಗಿ 15, ಹಾಗಾಗಿ ಹೊಸಸಾಲಿನ ಬೈಟ್‌ಗೆ ಜಾಗವಿಲ್ಲದೆ ಅದು ಮುಂದಿನ ಓದಿಗೆ ಉಳಿಯಿತು. 20ರ ಬಫರ್ 19 ಬೈಟ್ ಓದುತ್ತದೆ. ‘ವ’ದ ಮೂರರಲ್ಲಿ ಒಂದೇ ಬೈಟ್ ಒಳಗೆ ಬಂತು, ಅದೇ ಆ ಕಸ. ಬಫರ್‌ನಲ್ಲಿ ಹೊಸಸಾಲು ಇದೆಯೇ ಎಂದು ಎಸ್‌ಟಿಆರ್‌ಸಿಎಚ್‌ಆರ್‌ನಿಂದ ನೋಡಿ. ಇಲ್ಲದಿದ್ದರೆ ಸಾಲು ಇನ್ನೂ ಮುಗಿದಿಲ್ಲ, ಅಥವಾ ಅದು ಹೊಸಸಾಲಿಲ್ಲದ ಕೊನೆಯ ಸಾಲು.

ಬೇಕಲ_ಕೋಟೆ:
ಎರಡು ಸಲ ಬರುವುದು ಲೂಪ್‌ನಿಂದ. ಓದಲು ಹೋಗಿ ಫೈಲ್ ಮುಗಿದದ್ದು ಗೊತ್ತಾದ ಮೇಲೆಯೇ ಎಫ್‌ಇಒಎಫ್ ನಿಜವಾಗುತ್ತದೆ. ಕೊನೆಯ ಎಫ್‌ಗೆಟ್ಸ್ ನಲ್ (ಏನೂ ಸಿಗಲಿಲ್ಲ ಎಂಬ ಉತ್ತರ) ಕೊಟ್ಟಿತು, ಬಫರ್ ಮುಟ್ಟಲಿಲ್ಲ, ನೀವು ಹಳೆಯದನ್ನೇ ಮುದ್ರಿಸಿದಿರಿ. ಲೂಪ್‌ನ ಷರತ್ತಿನಲ್ಲಿ ಎಫ್‌ಗೆಟ್ಸ್‌ನ ಉತ್ತರವನ್ನೇ ಇಡಿ. ನಲ್ ಬಂದ ಮೇಲೆ, ಓದುವಾಗ ದೋಷ ಆಯಿತೇ ಎಂದು ಎಫ್‌ಎರರ್‌ನಿಂದ ಕೇಳಿ.

ಈ ದೋಷ ಅಡಗಿಯೂ ಕೂರುತ್ತದೆ! ಫೈಲ್‌ನ ಕೊನೆಯ ಹೊಸಸಾಲು ತೆಗೆಯಿರಿ, 16ರ ಬಫರ್‌ನಲ್ಲಿ ‘ೋಡು’ ಒಂದೇ ಸಲ ಬರುತ್ತದೆ. ಆದರೆ ಉಪ್ಪಳವನ್ನು ಕೊನೆಗೆ ಇಟ್ಟರೆ ಹೊಸಸಾಲು ಇಲ್ಲದೆಯೂ ಎರಡು ಸಲ, ಏಕೆಂದರೆ 15 ತುಂಬಿದ ಕೂಡಲೇ ಎಫ್‌ಗೆಟ್ಸ್ ನಿಲ್ಲುತ್ತದೆ, ಫೈಲ್ ಮುಗಿದದ್ದನ್ನು ನೋಡುವುದಿಲ್ಲ. ಅದಕ್ಕೇ 14, 15, 16 ಬೈಟ್ ಸಾಲುಗಳನ್ನು ಹೊಸಸಾಲಿನೊಂದಿಗೂ ಇಲ್ಲದೆಯೂ ಪರೀಕ್ಷಿಸಲೇಬೇಕು. 3ರಿಂದ ಭಾಗವಾಗದ 14, 16ಕ್ಕೆ ಇಂಗ್ಲಿಷ್ ಅಕ್ಷರ ಬಳಸಿ. ಖಾಲಿ ಫೈಲ್‌ನ ಪರೀಕ್ಷೆಯನ್ನೂ ಬಿಡಬೇಡಿ.

ಚಂದ್ರಗಿರಿ:
ಎಫ್‌ಗೆಟ್‌ಸಿ (ಒಂದೊಂದೇ ಬೈಟ್ ಓದುವ ಫಂಕ್ಷನ್) ಪರೀಕ್ಷೆಗೆ ಕನ್ನಡ ಪಠ್ಯ ಸಾಲದು. ಅದರ ಉತ್ತರವನ್ನು ದೊಡ್ಡ ಪೂರ್ಣಾಂಕದ ಇಂಟ್ ಬದಲು ಒಂದೇ ಬೈಟಿನ ಚಾರ್‌ನಲ್ಲಿಟ್ಟರೆ, ಚಾರ್ ಸೈನ್ಡ್ (ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು) ಆಗಿರುವಲ್ಲಿ 255 ಮೌಲ್ಯದ ಬೈಟ್ ಬಂದೊಡನೆ ಫೈಲ್ ಮುಗಿಯಿತೆಂದು ಲೂಪ್ ನಿಲ್ಲುತ್ತದೆ. ಅನ್‌ಸೈನ್ಡ್ ಆಗಿದ್ದರೆ ನಿಲ್ಲುವುದೇ ಇಲ್ಲ. ಯುಟಿಎಫ್-8ರಲ್ಲಿ ಆ ಬೈಟ್ ಬರುವುದೇ ಇಲ್ಲ, ಬೇರೆ ಫೈಲ್ ಮಾಡಿಕೊಳ್ಳಿ.

ಪಯಸ್ವಿನಿ:
ಎಫ್‌ಎರರ್ ನಿಜವಾಗುವಂತೆ ಮಾಡುವುದು ಹೇಗೆ?

ಬೇಕಲ_ಕೋಟೆ:
ಲಿನಕ್ಸ್‌ನಲ್ಲಿ ಒಂದು ಡೈರೆಕ್ಟರಿಯನ್ನೇ ಎಫ್‌ಓಪನ್‌ನಲ್ಲಿ ಓದಲು ತೆರೆಯಿರಿ. ತೆರೆಯುತ್ತದೆ, ಆದರೆ ಮೊದಲ ಓದೇ ಸೋಲುತ್ತದೆ. ಎಫ್‌ಎರರ್ ನಿಜ, ಎಫ್‌ಇಒಎಫ್ ಸೊನ್ನೆ. ಹಳೆಯ ಲೂಪ್ ಹಾಗೇ ಇದ್ದರೆ ಅಲ್ಲಿ ಕೊನೆಯಿಲ್ಲದೆ ಸುತ್ತುತ್ತದೆ.